ಬಲರಾಟಿನಲ್ಲಿ ಹಲ್ಲುಜ್ಜುತ್ತ

ಮೊದಲ ವಾರ ಅಡುಗೆಸೋಡಾ.
ಚಿಟಿಕೆ ಪುಡಿ, ಎರಡು ಹನಿ ನೀರು, ಬೆರಳ ತುದಿ.
ಇಡ್ಲಿಗೆ ಹಾಕಿದರೆ ಉಬ್ಬುತ್ತದೆ,
ಬಾಯಿಗೆ ಹಾಕಿದರೆ ಸುಮ್ಮನೆ ಉಪ್ಪುಪ್ಪು.
ಎರಡನೆಯ ವಾರ ಬಾಳೆಸಿಪ್ಪೆಯ ಒಳಮೈ.
ಮೂರಕ್ಕೆ ಅರಿಸಿನ. ಅದನ್ನು ಮಾತ್ರ ಕೇಳಬೇಡಿ,
ಬಚ್ಚಲ ಸಿಂಕು ಇನ್ನೂ ಮದುವಣಗಿತ್ತಿ.

ಆಮೇಲೆ ಕೊಬ್ಬರಿ ಎಣ್ಣೆ.
ಒಂದು ಚಮಚ, ಹದಿನೈದು ನಿಮಿಷ, ಮುಕ್ಕಳಿಸುತ್ತಲೇ ಇರಬೇಕು.
ಬಲರಾಟಿನ ಜುಲೈಯಲ್ಲಿ ಶೀಸೆಯೊಳಗೆ ಎಣ್ಣೆ ಕಲ್ಲು.
ಕೆತ್ತಿ ನಾಲಗೆಗಿಟ್ಟುಕೊಂಡು
ಕರಗಲೆಂದು ಕಾಯುವಾಗಲೇ
ಪಾವಗಡದಿಂದ ಅಕ್ಕನ ವೀಡಿಯೋ ಕಾಲ್.
"ಯಾಕಮ್ಮಿ, ಮಾತಾಡಲ್ವಾ? ಸಿಟ್ಟಾ?"
ನಾನು: ಊಂ, ಊಂ, ಉಹೂಂ.
ಅವಳು ನಕ್ಕಳು. ಪರದೆಯ ತುಂಬ
ನನ್ನದೇ ಹಲ್ಲು,
ಅದೇ ಕಂದು ಗೆರೆ, ಅದೇ ಸುಣ್ಣದ ಮಚ್ಚೆ.
ಒಂದೇ ಬೋರ್‌ವೆಲ್ಲಿನ ಅಕ್ಕತಂಗಿ ನಾವು.

ಔಷಧದಂಗಡಿಯಲ್ಲಿ ಇದ್ದಿಲ ಪುಡಿ,
ಕಪ್ಪು ಡಬ್ಬಿ, ಬೆಳ್ಳಿ ಅಕ್ಷರ, ಇಪ್ಪತ್ತೆಂಟು ಡಾಲರು.
ಅಜ್ಜಿ ಒಲೆಯಿಂದ ಬಾಚಿ ಕೊಡುತ್ತಿದ್ದದ್ದು ಬಿಟ್ಟಿ.
ಕೊಂಡೆ.
ಕನ್ನಡಿಯಲ್ಲಿ ಒಂದು ಗಳಿಗೆ ಬಾಯೆಲ್ಲ ಅಮಾವಾಸ್ಯೆ,
ಉಗುಳಿದರೆ ಮತ್ತೆ ಕಂದು.

ಅವಸರ ಏಕೆಂದರೆ ಗುರುವಾರ ಪುರಭವನದಲ್ಲಿ
ಪೌರತ್ವದ ಸಮಾರಂಭ.
ಪಾಸ್‌ಪೋರ್ಟಿನ ಫೋಟೋಕ್ಕೆ ಬಾಯಿ ಮುಚ್ಚಿರಬೇಕು,
ಆ ನಿಯಮ ನನಗೆಂದೇ ಬರೆದ ಹಾಗಿತ್ತು.
ಇಲ್ಲಿ ಹಾಗಲ್ಲ. ಮೇಯರ್ ಕೈಕುಲುಕುತ್ತಾರೆ,
ಗಿಡವೊಂದು ಕೊಡುತ್ತಾರೆ, ಎಲ್ಲರೂ ಹಲ್ಲು ಬಿಡುತ್ತಾರೆ.

ಚಳಿಗಾಲದ ದುಬಾರಿ ಸ್ಟ್ರಾಬೆರಿ ಜಜ್ಜಿ ತಿಕ್ಕಿ
ಜುಂ ಎನ್ನುವ ಬಾಯಿ ಹೊತ್ತು ಹೋದೆ,
ದಂತವೈದ್ಯೆ ಫುವಾಂಗ್ ಸಲಾಕೆಯಿಂದ ಮೆಲ್ಲಗೆ ತಟ್ಟಿ ಅಂದಳು:
"ಇದು ಮೇಲೆ ಕೂತ ಕೊಳೆಯಲ್ಲ.
ಹಲ್ಲು ವಸಡಿನೊಳಗೆ ಹುಟ್ಟುವಾಗಲೇ
ಕುಡಿದ ನೀರು ಬಿಟ್ಟ ಗುರುತು.
ನೀವು ತಿಕ್ಕುತ್ತಿರುವುದು ಬಣ್ಣವನ್ನಲ್ಲ, ಹಲ್ಲನ್ನೇ.
ಹುಳಿ ನಿಲ್ಲಿಸಿ."
ಈ ಊರ ನಲ್ಲಿನೀರಿಗೂ ಅದೇ ಫ್ಲೋರೈಡು ಬೆರೆಸುತ್ತಾರಂತೆ,
ಅಳೆದು, ತೂಗಿ, ಹುಳುಕು ಹಿಡಿಯದಿರಲೆಂದು.
ನಮಗೆ ನೆಲ ಧಾರಾಳವಾಗಿ ಕೊಟ್ಟಿತ್ತು.
ಅಳೆಯುವವರು ಇರಲಿಲ್ಲ.

ನನ್ನ ಕೆಲಸ ಬೇರೆಯವರ ಹಲ್ಲು.
ವೃದ್ಧಾಶ್ರಮದ ಪಡುವಣ ಸಾಲು, ಸಂಜೆ ಪಾಳಿ,
ಹನ್ನೊಂದು ಕೋಣೆ, ಒಂಬತ್ತು ಲೋಟ.
ತೊಳೆದು ನೀರಿಗಿಳಿಸಿದರೆ ಆ ಸೆಟ್ಟುಗಳು
ಯಾರಿಗೂ ಅಲ್ಲದ ನಗುವನ್ನು ಬೆಳಗಿನ ತನಕ ನಗುತ್ತವೆ.

ಮರ್ಲ್ ಹಚಿನ್ಸ್‌ಗೆ ತೊಂಬತ್ತೆರಡು.
ಇಪ್ಪತ್ತೊಂದು ತುಂಬಿದಾಗ ಅಪ್ಪ ಕೊಟ್ಟ ಉಡುಗೊರೆ:
ಇದ್ದವೆಲ್ಲ ಕೀಳಿಸಿ ಹೊಸದೊಂದು ಸೆಟ್ಟು.
"ಆಗ ಹಾಗೇ ಇತ್ತು ಕಣೆ. ಕಟ್ಟಿಕೊಳ್ಳುವವನಿಗೆ
ಹಲ್ಲಿನ ಡಾಕ್ಟರ ಖರ್ಚು ಉಳಿಯಲಿ ಅಂತ.
ಹುಳುಕು ಇದ್ದದ್ದು ಎರಡೇ."
ಚರ್ಚಿನ ಮೆಟ್ಟಿಲ ಮೇಲಿನ ಫೋಟೋದಲ್ಲಿ
ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ ಬಾಯಿ.
"ಆವತ್ತು ವಸಡು ಎಷ್ಟು ನೋಯುತ್ತಿತ್ತು ಗೊತ್ತಾ?"

ಬುಧವಾರ ರಾತ್ರಿ ಹೇಗೋ ಎಲ್ಲ ಹೇಳಿಬಿಟ್ಟೆ,
ಸೋಡಾ, ಸಿಪ್ಪೆ, ಇದ್ದಿಲು, ಗುರುವಾರ.
ಕನ್ನಡಕ ಹಾಕಿಕೊಂಡು ಅಂದಳು, "ತೋರಿಸು."
ಸೆರಗಿಲ್ಲದ ಸಮವಸ್ತ್ರ, ಮುಚ್ಚಲು ಕೈ ಏರಿತು,
ಇಳಿಸಿದೆ.
ಬಹಳ ಹೊತ್ತು ನೋಡಿದಳು,
ಪೇಟೆಯಲ್ಲಿ ಬಟ್ಟೆ ನೋಡುವವಳ ಹಾಗೆ.
"ಎಲ್ಲಾ ನಿನ್ನವೇನಾ?"
ನನ್ನವೇ.
"ಬೇರು ಸಮೇತ?"
ಬೇರು ಸಮೇತ.

ಮೇಜಿನ ಮೇಲೆ ಊಟದ ತಟ್ಟೆಯಲ್ಲಿ ಉಳಿದಿತ್ತು
ಅವಳು ಎಂದೂ ಮುಟ್ಟದ ಹಸಿರು ಸೇಬು.
"ಕಚ್ಚು" ಅಂದಳು. "ಹೋಳು ಮಾಡಬೇಡ, ಇಡೀದನ್ನು.
ಸದ್ದು ಕೇಳಬೇಕು."
ಕಚ್ಚಿದೆ.
ಕರ್ರೆಂದಿತು ಕೋಣೆ.
ಗಲ್ಲದ ಮೇಲೆ ರಸ, ಒರೆಸಿಕೊಳ್ಳಲಿಲ್ಲ.
ಮರ್ಲ್ ಕಣ್ಣು ಮುಚ್ಚಿ
ಸೆಟ್ಟನ್ನು ತೆಗೆದು ನನ್ನ ಇನ್ನೊಂದು ಅಂಗೈಗಿಟ್ಟಳು,
ಬಿಳಿ, ಬೆಚ್ಚಗೆ.
ಬೊಚ್ಚು ಬಾಯಲ್ಲೇ ಅಂದಳು,
"ಇನ್ನೊಂದು ಸಲ."